ನಾಯಕನ ತಪ್ಪನ್ನು ಕತ್ತರಿಸಿದ ದಿನ: ಸಂಕಲನದ ಕೋಣೆಯ ಒಂದು ಅನುಭವ

ಚಲನಚಿತ್ರ ಸಂಕಲನದ ಕೆಲಸಕ್ಕೆ ಬಂದು 16 ವರ್ಷಗಳಾದವು. ಈ ಅವಧಿಯಲ್ಲಿ ನಾನು ಕತ್ತರಿಸಿ ತೆಗೆದ ದೃಶ್ಯಗಳಿಗೆ ಲೆಕ್ಕವಿಲ್ಲ, ಬಹುಪಾಲು ಮರೆತೂ ಹೋಗಿವೆ. ಆದರೆ 40 ಸೆಕೆಂಡುಗಳ ಒಂದು ದೃಶ್ಯವನ್ನು ತೆಗೆದದ್ದು ಮಾತ್ರ ಇಂದಿಗೂ ಮನಸ್ಸನ್ನು ಕೊರೆಯುತ್ತಿದೆ. ಜನಪ್ರಿಯ ಚಿತ್ರಗಳ ನಾಯಕರು ಹೇಗೆ ಎಳ್ಳಷ್ಟೂ ಕುಂದಿಲ್ಲದವರಾಗುತ್ತಾರೆ, ಹಾಗಾದ ಮೇಲೆ ಕಥೆಯುದ್ದಕ್ಕೂ ಏಕೆ ಇದ್ದ ಹಾಗೆಯೇ ಉಳಿದುಬಿಡುತ್ತಾರೆ ಎಂಬುದು ನನಗೆ ಕಣ್ಣಾರೆ ಕಂಡದ್ದು ಆ ದೃಶ್ಯವನ್ನು ತೆಗೆದ ಮೇಲೆಯೇ.

ಆ ಚಿತ್ರದ ನಾಯಕ ಲಾರಿ ಚಾಲಕ. ಅವನ ತಮ್ಮ ಅದೇ ಲಾರಿಯಲ್ಲಿ ಕ್ಲೀನರ್. ಬರೆದು ಚಿತ್ರೀಕರಿಸಿದ ಕಥೆಯ ಪ್ರಕಾರ, ಒಂದು ಬೆಳಿಗ್ಗೆ ತಮ್ಮ, "ಅಣ್ಣಾ, ಬ್ರೇಕ್ ಸರಿಯಾಗಿ ಹಿಡೀತಿಲ್ಲ, ತೋರಿಸ್ಕೊಂಡೇ ಹೋಗೋಣ" ಎನ್ನುತ್ತಾನೆ. ಅಣ್ಣ ಕೈಗಡಿಯಾರ ನೋಡಿಕೊಂಡು, ಕೀಲಿಗೊಂಚಲನ್ನು ಬೆರಳಿಗೆ ಸಿಕ್ಕಿಸಿ ಗಿರಗಿರನೆ ತಿರುಗಿಸುತ್ತಾ, "ಬಂದ ಮೇಲೆ ನೋಡೋಣ, ನಡಿಯೋ" ಎಂದು ಲಾರಿ ಏರುತ್ತಾನೆ. ಅಂದು ಮಧ್ಯಾಹ್ನ ನಡೆಯುವ ಅಪಘಾತದಲ್ಲಿ ತಮ್ಮ ಕಾಲು ಕಳೆದುಕೊಳ್ಳುತ್ತಾನೆ. ಇಡೀ ಚಿತ್ರಕಥೆಯನ್ನು ಹೊತ್ತು ನಿಂತಿದ್ದದ್ದು "ಬಂದ ಮೇಲೆ ನೋಡೋಣ" ಎಂಬ ಆ ಮೂರು ಪದಗಳು.

ರಫ್ ಕಟ್, ಅಂದರೆ ಚಿತ್ರದ ಮೊದಲ ಕಚ್ಚಾ ಜೋಡಣೆ, ನೋಡಿದಾಗ ತಂಡದ ಹಿರಿಯರೊಬ್ಬರಿಗೆ ಆ ದೃಶ್ಯ ಹಿಡಿಸಲಿಲ್ಲ. "ಇಲ್ಲಿ ಹೀರೋ ಬೇಜವಾಬ್ದಾರಿ ಮನುಷ್ಯನ ಹಾಗೆ ಕಾಣ್ತಾನೆ. ತಮ್ಮನ ಕಾಲು ಹೋಗಿದ್ದು ಹೀರೋನಿಂದ ಅಂದ್ರೆ ಅಭಿಮಾನಿಗಳು ಒಪ್ಪೋದಿಲ್ಲ" ಎಂದರು. ಒಂದು ವಾರದೊಳಗೆ ಪರಿಹಾರವೂ ಹೊಳೆಯಿತು. ಖಳನಾಯಕನ ಕಡೆಯವನೊಬ್ಬ ಬೆನ್ನು ತಿರುಗಿಸಿ ನಿಂತಿದ್ದ ಶಾಟ್ ಒಂದು ನಮ್ಮಲ್ಲಿತ್ತು. ತುಟಿ ಕಾಣದ ಕಾರಣ ಅದರ ಮೇಲೆ ಯಾವ ಮಾತನ್ನಾದರೂ ಕೂರಿಸಬಹುದಿತ್ತು. ಡಬ್ಬಿಂಗ್‌ನಲ್ಲಿ "ಬ್ರೇಕ್ ಪೈಪ್ ಕತ್ತರಿಸಿದ್ದೀನಿ" ಎಂಬ ಮಾತು ಸೇರಿತು, ಬೆಳಗಿನ ದೃಶ್ಯ ಟೈಮ್‌ಲೈನಿನಿಂದ ಹೊರಬಿತ್ತು. ಅರ್ಧ ಗಂಟೆಯ ಕೆಲಸ. ಎಲ್ಲಿಯೂ ಹೊಲಿಗೆ ಕಾಣದಂತೆ ಜೋಡಿಸಿದ್ದೇನೆಂಬ ಹೆಮ್ಮೆಯಲ್ಲಿ ನಾನು ಅಂದು ಕೋಣೆಯಿಂದ ಹೊರಬಂದೆ.

ಅನಾಹುತ ತಿಳಿದದ್ದು ಮುಂದಿನ ವಾರ. ಚಿತ್ರದ ದ್ವಿತೀಯಾರ್ಧದಲ್ಲಿ ಆಸ್ಪತ್ರೆಯ ಒಂದು ಶಾಟ್ ಇತ್ತು. ನಾಯಕ ತಮ್ಮನ ಕೋಣೆಯ ಬಾಗಿಲ ಬಳಿ ನಿಲ್ಲುತ್ತಾನೆ, ಒಳಗೆ ಹೋಗುವುದಿಲ್ಲ. ಕೀಲಿಗೊಂಚಲು ಸದ್ದು ಮಾಡೀತೆಂದು ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಅಮುಕಿ ಹಿಡಿದಿರುತ್ತಾನೆ, ಬೆರಳ ಗೆಣ್ಣುಗಳು ಬಿಳಿಚಿಕೊಳ್ಳುತ್ತವೆ. 11 ಸೆಕೆಂಡು, ಒಂದೂ ಮಾತಿಲ್ಲ. ಮೊದಲ ಜೋಡಣೆಯಲ್ಲಿ ಅದನ್ನು ನೋಡಿದಾಗ ಕೋಣೆಯಲ್ಲಿದ್ದ ನಾವು ನಾಲ್ವರೂ ಉಸಿರು ಬಿಗಿಹಿಡಿದಿದ್ದೆವು. ಈಗ ಅದೇ ಶಾಟ್, ಅದೇ ನಟ, ಅದೇ ಬೆಳಕು. ಆದರೆ ಬೆಳಗಿನ ದೃಶ್ಯವಿಲ್ಲದ ಮೇಲೆ ಆ ಮುಷ್ಟಿಯೊಳಗೆ ಏನಿದೆ ಎಂದು ಪ್ರೇಕ್ಷಕನಿಗೆ ತಿಳಿಯುವುದಾದರೂ ಹೇಗೆ? ಯಾವ ತಪ್ಪನ್ನೂ ಮಾಡದವನು ತಮ್ಮನ ಕೋಣೆಯ ಹೊರಗೆ ಏಕೆ ನಿಲ್ಲಬೇಕು? ಆಯ್ದ ಕೆಲವರಿಗಾಗಿ ಏರ್ಪಡಿಸಿದ್ದ ಪ್ರದರ್ಶನದಲ್ಲಿ ಹಲವರು "ಆಸ್ಪತ್ರೆ ಸೀನ್ ಲ್ಯಾಗ್ ಆಯ್ತು" ಎಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆ 11 ಸೆಕೆಂಡುಗಳೂ ಹೋದವು. ಅವು ಹೋದ ಮೇಲೆ ಅಣ್ಣ ತಮ್ಮನ ಮುಂದೆ ಕುಳಿತು ಕ್ಷಮೆ ಕೇಳುವ ದೃಶ್ಯಕ್ಕೆ ಬುಡವೇ ಇಲ್ಲದಾಯಿತು, ಅದೂ ಹೋಯಿತು. ಸ್ವೆಟರಿನ ಒಂದು ಎಳೆ ಎಳೆದರೆ ಸಾಲು ಸಾಲಾಗಿ ಬಿಚ್ಚಿಕೊಳ್ಳುವಂತೆ, 40 ಸೆಕೆಂಡಿನಿಂದ ಶುರುವಾದದ್ದು ಸುಮಾರು ಒಂಬತ್ತು ನಿಮಿಷದವರೆಗೆ ಹೋಗಿ ನಿಂತಿತು. ಉಳಿದದ್ದು ಸೇಡು ತೀರಿಸಿಕೊಳ್ಳುವ ಒಬ್ಬ ಬಲಶಾಲಿಯ ಕಥೆ. ಚಿತ್ರ ಚಿತ್ರಮಂದಿರಗಳಲ್ಲಿ ನಿಲ್ಲಲಿಲ್ಲ. ಅದಕ್ಕೆ ಬೇರೆ ಕಾರಣಗಳೂ ಇದ್ದಿರಬಹುದು. ಆದರೆ ಆ ನಾಯಕನ ಎದೆಯೊಳಗಿದ್ದದ್ದನ್ನು ತೆಗೆದ ಕೈ ನನ್ನದೇ ಎಂಬುದನ್ನು ನಾನು ಮರೆಯಲಾರೆ.

ಅಂದಿನಿಂದ ನಾನು ಒಂದು ಅಭ್ಯಾಸ ಬೆಳೆಸಿಕೊಂಡಿದ್ದೇನೆ. ಯಾವುದೇ ಚಿತ್ರದ ಮೊದಲ ಜೋಡಣೆ ಮುಗಿದ ಕೂಡಲೇ ಧ್ವನಿಯನ್ನು ಪೂರ್ತಿ ನಿಲ್ಲಿಸಿ, ಒಬ್ಬರ ಮಾತಿಗೋ ಕ್ರಿಯೆಗೋ ಇನ್ನೊಬ್ಬರ ಮುಖದ ಪ್ರತಿಕ್ರಿಯೆ ತೋರಿಸುವ ರಿಯಾಕ್ಷನ್ ಶಾಟ್‌ಗಳನ್ನು ಮಾತ್ರ ಗಮನಿಸುತ್ತೇನೆ. ಯಾರು ಯಾರನ್ನು ನೋಡುತ್ತಿದ್ದಾರೆ? ಕುಂದಿಲ್ಲದ ನಾಯಕನ ಚಿತ್ರದಲ್ಲಿ ನೋಟಗಳೆಲ್ಲ ಒಂದೇ ದಿಕ್ಕಿಗೆ ಹರಿಯುತ್ತವೆ. ಅವನು ನಡೆದರೆ ಜನ ನೋಡುತ್ತಾರೆ, ಹೊಡೆದರೆ ತಾಯಿ ನೋಡುತ್ತಾಳೆ, ಮಾತಾಡಿದರೆ ನಾಯಕಿ ಕಣ್ಣರಳಿಸುತ್ತಾಳೆ, ಕೊನೆಗೆ ಖಳನಾಯಕನೂ ಬೆರಗಾಗಿ ನೋಡುತ್ತಾನೆ. ಅವನು ಮಾತ್ರ ಯಾರನ್ನೂ ನೋಡುವುದಿಲ್ಲ. ಅವನ ಕಣ್ಣಿಗೆ ಬಿದ್ದು ಅವನನ್ನು ಕದಲಿಸಿದ ಒಂದು ವಸ್ತುವಾಗಲಿ, ಒಂದು ಮುಖವಾಗಲಿ ಚಿತ್ರದಲ್ಲಿ ಇರುವುದಿಲ್ಲ.

ನಮ್ಮ ಕಸುಬಿನಲ್ಲಿ ಇದು ಬಹಳ ದೊಡ್ಡ ಕೊರತೆ. 1920ರ ಆಸುಪಾಸಿನಲ್ಲಿ ರಷ್ಯಾದ ಚಿತ್ರನಿರ್ದೇಶಕ ಲೆವ್ ಕುಲೆಶೋವ್ ಮಾಡಿದ ಪ್ರಯೋಗವನ್ನು ಸಂಕಲನ ಕಲಿಯುವ ಪ್ರತಿಯೊಬ್ಬರಿಗೂ ಮೊದಲ ಪಾಠಗಳಲ್ಲೇ ಹೇಳಿಕೊಡುತ್ತಾರೆ. ನಟನೊಬ್ಬನ ಭಾವರಹಿತವಾದ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕದಲ್ಲಿ, ಒಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸಿ ತೋರಿಸಿದಾಗ, ಪ್ರೇಕ್ಷಕರು ಆ ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ಪಾತ್ರಧಾರಿಯ ಮುಖಕ್ಕೆ ಅರ್ಥ ಬರುವುದು ಅವನು ಏನನ್ನು ನೋಡುತ್ತಿದ್ದಾನೆ ಎಂಬುದರಿಂದ. ನಾಯಕನಿಗೆ ನೋಡಲು, ನೋಡಿ ಅಳುಕಲು ಏನನ್ನೂ ಕೊಡದಿದ್ದರೆ, ಎಷ್ಟು ಕ್ಲೋಸ್‌ಅಪ್ ಜೋಡಿಸಿದರೂ, ಹಿನ್ನೆಲೆ ಸಂಗೀತ ಎಷ್ಟೇ ಮೊಳಗಿದರೂ ಆ ಮುಖ ಪೋಸ್ಟರಿನ ಮುಖವಾಗಿಯೇ ಉಳಿಯುತ್ತದೆ. ಅಷ್ಟೇ ಅಲ್ಲ, ನಾಯಕ ಎಡವಬಾರದೆಂಬ ನಿಯಮಕ್ಕೆ ಉಳಿದ ಪಾತ್ರಗಳೂ ಬಲಿಯಾಗುತ್ತವೆ. ಅವನು ಸೋಲುವಂತಿಲ್ಲವಾದ್ದರಿಂದ ಎದುರಾಳಿ ದಡ್ಡನಾಗಬೇಕು. ಅವನ ಮಾತು ತಪ್ಪಾಗುವಂತಿಲ್ಲವಾದ್ದರಿಂದ ನಾಯಕಿ ವಾದ ಮಾಡಿ ಸೋತು ನಾಚಬೇಕು, ಗೆಳೆಯ ಬರೀ ಹೊಗಳಬೇಕು. ಒಬ್ಬನನ್ನು ಎತ್ತರಕ್ಕೇರಿಸಲು ಸುತ್ತಲಿನ ಹತ್ತು ಮಂದಿಯನ್ನು ಕುಳ್ಳರನ್ನಾಗಿ ಮಾಡುತ್ತೇವೆ.

ನಾನು ವೈಭವದ ನಾಯಕನ ವಿರೋಧಿಯಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸ್ಲೋ ಮೋಷನ್‌ನ ಎಂಟ್ರಿಯನ್ನು ಫ್ರೇಮ್ ಫ್ರೇಮಾಗಿ ಕೂಡಿಸುವಾಗ, ಯಾವ ಫ್ರೇಮಿನಲ್ಲಿ ತಮಟೆಯ ಪೆಟ್ಟು ಬೀಳಬೇಕೆಂದು ಹುಡುಕುವಾಗ ನನಗೂ ಮೈ ಜುಮ್ಮೆನ್ನುತ್ತದೆ, ಚಿತ್ರಮಂದಿರದ ಶಿಳ್ಳೆ ಕೇಳಿ ಸಂತೋಷಪಟ್ಟವನೇ ನಾನು. ಆದರೆ ದೊಡ್ಡತನ ಬೇರೆ, ತಪ್ಪೇ ಇಲ್ಲದಿರುವುದು ಬೇರೆ. ಪಂಪ 941ರಲ್ಲಿ ತನ್ನ ಭಾರತವನ್ನು ಬರೆದಾಗ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಒಂದುಗೂಡಿಸಿ ಅವನನ್ನೇ ಕಥಾನಾಯಕನನ್ನಾಗಿ ಮಾಡಿದ. ಹಾಗಿದ್ದೂ, ಭಾರತದಲ್ಲಿ ಒಬ್ಬನನ್ನೇ ಏಕಚಿತ್ತದಿಂದ ನೆನೆಯುವುದಾದರೆ ಕರ್ಣನನ್ನು ನೆನೆ ಎಂದು ಓದುಗನಿಗೆ ಹೇಳಿದವನೂ ಅದೇ ಪಂಪ. ಋಣಕ್ಕೆ ಕಟ್ಟುಬಿದ್ದು ತಪ್ಪು ಪಕ್ಷದಲ್ಲಿ ನಿಂತವನ ಕಡೆಗೆ ಕವಿಯ ಮನಸ್ಸು ಹರಿಯಿತು. ಯಾರ ಹೊಗಳಿಕೆಗಾಗಿ ಕಾವ್ಯ ಹುಟ್ಟಿತೋ ಆ ನಾಯಕನಿಗೆ ಆ ಪದ್ಯ ಸಿಗಲಿಲ್ಲ.

"ಹಾಗಾದರೆ ಹೀರೋಗೆ ಒಂದು ವೀಕ್‌ನೆಸ್ ಹಾಕಿಬಿಡೋಣ" ಎಂಬ ಮಾತು ಈಗೀಗ ಕಥಾಚರ್ಚೆಗಳಲ್ಲಿ ಕೇಳಿಬರುತ್ತದೆ. ಅಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಹುಸಿ ದೋಷಗಳು ಹುಟ್ಟಿಕೊಳ್ಳುತ್ತವೆ. ಮೊದಲನೆಯದು ಬಾಯಿ ಒರಟು, ಮನಸ್ಸು ಬಂಗಾರ ಎಂಬ ದೋಷ. ಇದರಿಂದ ಯಾರಿಗೂ ನಷ್ಟವಾಗುವುದಿಲ್ಲ, ಆದ್ದರಿಂದ ಅದು ದೋಷದ ವೇಷ ತೊಟ್ಟ ಹೊಗಳಿಕೆ. ಎರಡನೆಯದು ಹೊರಗಿನಿಂದ ಅಂಟಿಸಿದ ಅಶಕ್ತಿ. 1938ರಲ್ಲಿ ಕಾಮಿಕ್ಸ್ ಪುಟಗಳಲ್ಲಿ ಕಾಣಿಸಿಕೊಂಡ ಸೂಪರ್‌ಮ್ಯಾನ್‌ನ ಬಲ ಕುಂದಿಸುವ ಕ್ರಿಪ್ಟೊನೈಟ್ ಎಂಬ ಕಲ್ಲು 1943ರಲ್ಲಿ, ಅದೂ ಮೊದಲು ರೇಡಿಯೊ ಧಾರಾವಾಹಿಯಲ್ಲಿ ಬಂತು. ಗೆಲುವು ಮೊದಲೇ ಖಚಿತವಾಗಿರುವವನ ಕಥೆಯಲ್ಲಿ ಆತಂಕ ಹುಟ್ಟಿಸಲು ಅಂತಹ ಕಲ್ಲು ಉಪಯೋಗಕ್ಕೆ ಬರುತ್ತದೆ, ನಿಜ. ಆದರೆ ಕಲ್ಲು ಹತ್ತಿರ ಬಂದಾಗ ಮೈ ಸೋಲುತ್ತದೆಯೇ ಹೊರತು ಆ ಮನುಷ್ಯನ ಸ್ವಭಾವ ಬಯಲಾಗುವುದಿಲ್ಲ. ಲಾರಿ ಚಾಲಕನ "ಬಂದ ಮೇಲೆ ನೋಡೋಣ" ಎಂಬ ಮಾತು ಅವನ ಒಳಗಿನಿಂದಲೇ ಬಂದದ್ದು: ದುಡಿಮೆಯ ಆತುರ, ತನಗೇನೂ ಆಗದೆಂಬ ಭರವಸೆ, ತಮ್ಮನ ಮಾತೆಂದರೆ ಸಣ್ಣದೆಂಬ ಅಸಡ್ಡೆ. ಚಿತ್ರದ ಕೊನೆಯಲ್ಲಿ ಅವನು ಬದಲಾಗಬೇಕಾಗಿದ್ದದ್ದು ಈ ಅಸಡ್ಡೆಯಲ್ಲೇ.

ಇದರ ಇನ್ನೊಂದು ತುದಿಯೂ ಅಪಾಯಕಾರಿಯೇ. 'ಟಾಯ್ ಸ್ಟೋರಿ' ಎಂಬ ಅನಿಮೇಷನ್ ಚಿತ್ರ ತಯಾರಾಗುತ್ತಿದ್ದಾಗ, 1993ರ ನವೆಂಬರಿನಲ್ಲಿ ಡಿಸ್ನಿಯವರಿಗೆ ತೋರಿಸಿದ ಕಥಾರೂಪದಲ್ಲಿ ವುಡಿ ಎಂಬ ಬೊಂಬೆ ಎಲ್ಲರನ್ನೂ ಹಂಗಿಸುವ, ಕೇಡಿಗ ಸ್ವಭಾವದ ಪಾತ್ರವಾಗಿತ್ತು. ಯಾರಿಗೂ ಹಿಡಿಸದೆ ತಯಾರಿಕೆಯೇ ನಿಂತಿತು, ಕಥೆಯನ್ನು ಹೊಸದಾಗಿ ಬರೆಯಬೇಕಾಯಿತು. 1995ರಲ್ಲಿ ತೆರೆಕಂಡ ಚಿತ್ರದಲ್ಲಿ ವುಡಿಯ ಹೊಟ್ಟೆಕಿಚ್ಚು ಹಾಗೆಯೇ ಇದೆ. ಆದರೆ ಅದಕ್ಕೂ ಮುನ್ನ ಅವನನ್ನು ಉಳಿದ ಬೊಂಬೆಗಳ ಹೊಣೆ ಹೊತ್ತ ಹಿರಿಯನಂತೆ ನಾವು ಕಾಣುತ್ತೇವೆ, ತನ್ನ ಜಾಗ ಕೈತಪ್ಪುತ್ತಿದೆ ಎಂಬ ಅವನ ಭಯ ನಮ್ಮದೇ ಭಯವಾಗುತ್ತದೆ. ದೋಷವನ್ನು ಸೇರಿಸುವುದು ಸುಲಭ, ಅದಕ್ಕೊಂದು ಬೇರು ಕೊಡುವುದರಲ್ಲಿ ಶ್ರಮವಿದೆ.

ಕಳೆದ ವರ್ಷ ಬೇರೊಂದು ಚಿತ್ರದಲ್ಲಿ ಅದೇ ಪ್ರಶ್ನೆ ಮತ್ತೆ ಎದುರಾಯಿತು. ಪೊಲೀಸ್ ಅಧಿಕಾರಿಯಾದ ನಾಯಕ ನಿರಪರಾಧಿಯೊಬ್ಬನನ್ನು ಬಂಧಿಸಿ, ತನ್ನ ತಪ್ಪು ತಿಳಿದ ಮೇಲೆ ಆತನ ಮನೆಗೆ ಹೋಗಿ ನಿಲ್ಲುವ ದೃಶ್ಯ. ಬಾಗಿಲು ತೆರೆದ ಹೆಂಗಸು ಏನನ್ನೂ ಹೇಳುವುದಿಲ್ಲ, ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ, ಮಾತಾಡಲು ಬಾಯಿ ತೆರೆದು ಮುಚ್ಚುತ್ತಾನೆ. "ಹೀರೋ ಇಷ್ಟು ತಗ್ಗಬೇಕಾ?" ಎಂಬ ಮಾತು ಬಂತು. ಈ ಸಲ ನಾನು ವಾದಕ್ಕೆ ಇಳಿಯಲಿಲ್ಲ. ಆ ದೃಶ್ಯ ಇರುವ ಮತ್ತು ಇಲ್ಲದಿರುವ ಎರಡು ಜೋಡಣೆಗಳನ್ನು, ಅದರ ನಂತರದ 20 ನಿಮಿಷಗಳ ಸಮೇತ, ಬೆನ್ನುಬೆನ್ನಿಗೆ ಹಾಕಿ ತೋರಿಸಿದೆ. ದೃಶ್ಯವೊಂದನ್ನೇ ಬಿಡಿಯಾಗಿ ನೋಡಿದರೆ ಅದು ಯಾವಾಗಲೂ ನಿಧಾನವಾಗಿಯೇ ಕಾಣುತ್ತದೆ, ಅದರ ಬೆಲೆ ತಿಳಿಯುವುದು ಮುಂದೆ ಬರುವ ದೃಶ್ಯಗಳಲ್ಲಿ. ಎರಡನೆಯ ಜೋಡಣೆ ಮುಗಿದಾಗ ನಾಯಕನ ಪಾತ್ರ ಮಾಡಿದ ನಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದರಲ್ಲಿ ಕ್ಲೈಮ್ಯಾಕ್ಸ್‌ನಲ್ಲಿ ನಾನು ಯಾಕೆ ಓಡ್ತಿದ್ದೀನಿ ಅಂತಲೇ ಗೊತ್ತಾಗ್ತಿಲ್ಲ ಸರ್, ಮೊದಲನೆಯದೇ ಇರಲಿ" ಎಂದರು. ಬಾಯಿ ತೆರೆದು ಮುಚ್ಚುವ ಆ ಕ್ಷಣವನ್ನು ಇನ್ನೂ ಎರಡು ಸೆಕೆಂಡು ಹಿಡಿದಿಡಬಹುದೇ ಎಂದು ಕೇಳಿದವರೂ ಅವರೇ. ಆ ಟೇಕಿನಲ್ಲಿ ಎರಡು ಸೆಕೆಂಡಿಗೆ ಸಾಲುವಷ್ಟು, 48 ಫ್ರೇಮುಗಳು ಮಿಕ್ಕಿದ್ದವು. ಎಲ್ಲವನ್ನೂ ಸೇರಿಸಿದೆ.