ಮಕ್ಕಳು ಮಲಗಿದ ಮೇಲೆ ಪತಂಗ: ಫೆಬ್ರವರಿಯಿಂದ ಜೂನ್‌ವರೆಗೆ

ಫೆಬ್ರವರಿ

ರೋಬಸ್ಟಾ ಕೊಯ್ಲು ಇನ್ನೂ ಮುಗಿದಿಲ್ಲ. ಸಂಜೆಯಾದರೆ ಕಣದಲ್ಲಿರುವ ಕಾಫಿಯನ್ನು ರಾಶಿ ಮಾಡಿ ಟಾರ್ಪಾಲ್ ಹೊದಿಸಬೇಕು. ನಾನು ಕೊಡಗಿನ ಸುಂಟಿಕೊಪ್ಪದಿಂದ ಕೆಲಸ ಮುಗಿಸಿ ಬರುವಾಗ ಕತ್ತಲಾಗಿರುತ್ತದೆ. ಆಮೇಲೆ ಮಗಳ ಹೋಂವರ್ಕ್, ಮಗನ ಊಟ. ಇಬ್ಬರೂ ಮಲಗುವಷ್ಟರಲ್ಲಿ ಒಂಬತ್ತು ಗಂಟೆ.

ಮದುವೆಗೆ ಮೊದಲು ಹಕ್ಕಿ ನೋಡುತ್ತಿದ್ದೆ. ಅದಕ್ಕೆ ಬೆಳಗಿನ ಹೊತ್ತು ಬೇಕು, ಆ ಹೊತ್ತಲ್ಲಿ ಈಗ ಟಿಫಿನ್ ಬಾಕ್ಸ್ ಕಟ್ಟುವ ಕೆಲಸ. ಈಗ ಪತಂಗ ನೋಡುತ್ತೇನೆ, ಚಿಟ್ಟೆಯ ಹಾಗಿರುವ, ರಾತ್ರಿ ದೀಪಕ್ಕೆ ಬರುವ ಹುಳಗಳು. ಅವು ಹಕ್ಕಿಗಳ ಹಾಗಲ್ಲ. ಹೆಚ್ಚಿನವು ಹೊರಗೆ ಬರುವುದೇ ಮಕ್ಕಳು ಮಲಗುವ ಹೊತ್ತಿಗೆ. ಎಲ್ಲಿಗೂ ಹೋಗಬೇಕಿಲ್ಲ. ಮಗ ಎದ್ದು ಕೂಗಿದರೆ ಒಳಗೆ ಹೋಗಿ, ತಟ್ಟಿ ಮಲಗಿಸಿ ಬರಬಹುದು. ಪತಂಗ ಅಲ್ಲೇ ಕೂತಿರುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ಇಂಥ ಹವ್ಯಾಸವೇ ಸರಿ, ನಡುವೆ ಎದ್ದು ಹೋದರೂ ಕೆಡಬಾರದು.

ಸಾಮಾನು ಹೆಚ್ಚೇನಿಲ್ಲ. ಜಗಲಿಯ ಎರಡು ಕಂಬಕ್ಕೆ ಹಗ್ಗ, ಅದರ ಮೇಲೆ ಮಾವನವರ ಹಳೇ ಬಿಳಿ ಪಂಚೆ, ಮುಂದೆ ಒಂದು ಬಲ್ಬ್. ಮಾಮೂಲಿ ಬಲ್ಬಿಗೂ ಬರುತ್ತವೆ, ಯುವಿ (ನೇರಳಾತೀತ ಬೆಳಕಿನ) ಬಲ್ಬಿಗೆ ಇನ್ನೂ ಜಾಸ್ತಿ. ಆದರೆ ಅದನ್ನು ನೇರವಾಗಿ ನೋಡಬಾರದು, ಮಕ್ಕಳ ಕೈಗೆ ಎಟುಕದ ಹಾಗೆ ಕಟ್ಟಬೇಕು.

ಮಾರ್ಚ್

ಈ ತಿಂಗಳ ದೊಡ್ಡ ಕೆಲಸ ದಿನ ಹಂಚಿಕೊಂಡದ್ದು. ಮಂಗಳವಾರ, ಶುಕ್ರವಾರ ರಾತ್ರಿ ನನ್ನದು. ಅವತ್ತು ಪಾತ್ರೆ ತೊಳೆಯುವುದು, ಮಗನಿಗೆ ಕಥೆ ಹೇಳುವುದು ಎಲ್ಲ ನಮ್ಮನೆಯವರ ಪಾಲು. ಬುಧವಾರ, ಭಾನುವಾರ ಸಂಜೆ ಅವರು ಹಾಕಿ ಆಡಲು ಹೋಗುತ್ತಾರೆ, ಆಗ ಮನೆ ಕೆಲಸ ನನ್ನದು. ಅಡುಗೆಮನೆಯ ಕ್ಯಾಲೆಂಡರ್‌ನಲ್ಲೇ ಬರೆದಿಟ್ಟಿದ್ದೇವೆ. ‘ಬಿಡುವಾದಾಗ ನೋಡೋಣ’ ಅಂತ ಬಿಟ್ಟರೆ ಬಿಡುವು ಆಗುವುದೇ ಇಲ್ಲ, ಅಲ್ವಾ? ಬರೆದಿಟ್ಟರೆ ಯಾರೂ ಯಾರನ್ನೂ ಕೇಳಬೇಕಿಲ್ಲ. ಹುಣ್ಣಿಮೆ ಬಂದರೆ ಮಾತ್ರ ದಿನ ಬದಲಾಯಿಸಿಕೊಳ್ಳುತ್ತೇವೆ. ಬೆಳದಿಂಗಳಲ್ಲಿ ಪತಂಗ ಬರುವುದು ಕಡಿಮೆ. ಅಮಾವಾಸ್ಯೆ ಆಸುಪಾಸಿನ, ಗಾಳಿಯಿಲ್ಲದ ಸೆಖೆಯ ರಾತ್ರಿ ಪಂಚೆ ತುಂಬುತ್ತದೆ.

ಏಪ್ರಿಲ್

ಭಾನುವಾರ ಹಗಲಲ್ಲೇ ಒಂದು ಸಿಕ್ಕಿತು. ಅಂಗಳದ ಕೇಪಳ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಮಕರಂದ ಹೀರುತ್ತಿತ್ತು. ಮಗಳು ದುಂಬಿ ಅಂದಳು. ದಪ್ಪ ಹಸಿರು ಮೈ, ಗಾಜಿನಂಥ ರೆಕ್ಕೆ, ರೆಕ್ಕೆಯಾಚೆಯ ಹೂವೂ ಕಾಣುತ್ತಿತ್ತು. ಇದು ಸೆಫೊನೋಡಿಸ್ ಹೈಲಸ್, ಹಗಲು ಹಾರುವ ಪತಂಗ. ಇದರ ಹುಳು ಕಾಫಿ ಎಲೆ ತಿನ್ನುತ್ತದೆ. ಕೋಶದಿಂದ ಹೊರಗೆ ಬಂದಾಗ ರೆಕ್ಕೆ ಮೇಲೆ ಬೂದು ಬಣ್ಣದ ಪುಡಿ ಇರುತ್ತದಂತೆ, ಮೊದಲ ಸಲ ಹಾರುವಾಗಲೇ ಎಲ್ಲ ಉದುರಿ ಹೋಗುತ್ತದೆ. ಮಗಳು ಅವತ್ತಿನಿಂದ ಸ್ವಂತ ನೋಟ್‌ಬುಕ್ ಕೇಳುತ್ತಿದ್ದಾಳೆ. ಕೊಡಿಸಿದೆ. ನನ್ನದನ್ನು ಮಾತ್ರ ಕೊಡಲಿಲ್ಲ, ಅದು ನನ್ನದಾಗಿಯೇ ಇರಬೇಕು ಅನ್ನುವುದು ನನ್ನ ಆಸೆ.

ಮೇ

“ದೀಪಕ್ಕೆ ಹುಳ ಬರೋದು ಏನು ಹೊಸದು?” ಅನ್ನುತ್ತಿದ್ದ ಅತ್ತೆ ಈ ತಿಂಗಳು ಕುರ್ಚಿ ತಂದು ಕೂತರು. ಕಾರಣ ಅಟ್ಲಾಸ್ ಪತಂಗ. ಮಳೆ ನಿಂತ ರಾತ್ರಿ ಬಂದು ಪಂಚೆಯ ಮೂಲೆಯಲ್ಲಿ ಕೂತಿತು, ನನ್ನ ಅಂಗೈಗಿಂತ ದೊಡ್ಡದು. ಇಟ್ಟಿಗೆ ಬಣ್ಣ, ಪ್ರತಿ ರೆಕ್ಕೆಯಲ್ಲೂ ಒಂದು ಪಾರದರ್ಶಕ ಕಿಟಕಿ, ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯ ಹಾಗೆ. ಇದಕ್ಕೆ ಊಟವೇ ಇಲ್ಲ ಅಂದೆ. ಹುಳುವಾಗಿದ್ದಾಗ ತಿಂದದ್ದರಲ್ಲೇ ಒಂದೆರಡು ವಾರ ಬದುಕಿ, ಜೊತೆ ಹುಡುಕಿ, ಮೊಟ್ಟೆ ಇಟ್ಟು ಮುಗಿಸುತ್ತದೆ. ಅತ್ತೆ “ಪಾಪ, ಲೈಟ್ ಆರಿಸು, ಹೋಗಲಿ” ಅಂದರು. ಸರಿಯಾದ ಮಾತು. ರಾತ್ರಿಯಿಡೀ ಲೈಟ್ ಉರಿಸಿದರೆ ಬೆಳಗ್ಗೆ ಕಾಜಾಣ, ಪಿಕಳಾರ ಬಂದು ಪಂಚೆಯ ಮೇಲಿದ್ದದ್ದನ್ನೆಲ್ಲ ತಿಂದು ಹಾಕುತ್ತವೆ. ಈಗ ಹತ್ತೂವರೆಗೆ ಲೈಟ್ ಆರಿಸಿ, ಪಂಚೆಯನ್ನು ಮೆಲ್ಲಗೆ ಒದರಿ, ಮಡಚಿ ಇಡುತ್ತೇನೆ. ನನ್ನ ನಿದ್ದೆಗೂ ಒಳ್ಳೆಯದು.

ಜೂನ್

ಮಳೆ ಹಿಡಿದಿದೆ. ಸಣ್ಣ ಹನಿಗೆ ಪತಂಗ ಬರುತ್ತವೆ, ಗಾಳಿಮಳೆಗೆ ಇಲ್ಲ. ಬಾರದ ರಾತ್ರಿ ಹಳೇ ಫೋಟೋಗಳನ್ನು ಐನ್ಯಾಚುರಲಿಸ್ಟ್‌ಗೆ ಹಾಕುತ್ತೇನೆ, ಜೀವಿಗಳ ಫೋಟೋ ಹಾಕಿದರೆ ಹೆಸರು ಗುರುತಿಸಲು ನೆರವಾಗುವ ವೆಬ್‌ಸೈಟ್ ಅದು. ಎಷ್ಟೋ ಫೋಟೋಗಳಿಗೆ ಇನ್ನೂ ಹೆಸರು ಸಿಕ್ಕಿಲ್ಲ, ಕಂದು ಬಣ್ಣದ ಸಣ್ಣವಂತೂ ಎಲ್ಲ ಒಂದೇ ಥರ.

ಜುಲೈ ಕೊನೆಗೆ ರಾಷ್ಟ್ರೀಯ ಪತಂಗ ಸಪ್ತಾಹ. 2012ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಶುರುವಾದದ್ದು, ಈಗ ನಮ್ಮ ದೇಶದಲ್ಲೂ ಮಾಡುತ್ತಾರೆ. ಕೊಡಗಿನಲ್ಲಿ ಆಗ ಜೋರು ಮಳೆ, ಕರೆಂಟ್ ನಂಬುವಂತಿಲ್ಲ. ಅದಕ್ಕೆ ಪವರ್‌ಬ್ಯಾಂಕ್‌ಗೆ ಹಾಕುವ ಯುವಿ ಲೈಟ್ ತರಿಸಿದ್ದೇನೆ. ಮೈದಾನವೂ ಕೆಸರಾಗಿರುತ್ತದೆ ಅಂತ ನಮ್ಮನೆಯವರು ಆ ವಾರದ ಬುಧವಾರವನ್ನೂ ನನಗೇ ಬಿಟ್ಟುಕೊಟ್ಟಿದ್ದಾರೆ.