ದಡದ ಗುರುತು ತಪ್ಪಿದರೆ ಹಳ್ಳದ ವರ್ಗವೇ ತಪ್ಪುತ್ತದೆ

ಬೆಂಗಳೂರಿನ ಕಚೇರಿಯೊಂದರಲ್ಲಿ ಹೊಳೆ-ಹಳ್ಳಗಳ ಸಮೀಕ್ಷೆ ಮಾಡುವುದು ನನ್ನ ಕೆಲಸ. ಶಿವಗಂಗೆಯ ಕಡೆಯಿಂದ ಇಳಿದು ತಿಪ್ಪಗೊಂಡನಹಳ್ಳಿ ಜಲಾಶಯದತ್ತ ಸಾಗುವ ಕುಮುದ್ವತಿಯನ್ನು ಕೂಡುವ ಒಂದು ಹಳ್ಳದಲ್ಲಿ ನಾನು ಮಾಡಿದ ತಪ್ಪನ್ನು, ಈ ಕೆಲಸಕ್ಕೆ ಹೊಸದಾಗಿ ಬಂದವರಿಗಾಗಿ ಬರೆಯುತ್ತಿದ್ದೇನೆ.

ಟೋಪೋಶೀಟ್ (ನೆಲದ ಏರಿಳಿತ, ತೊರೆಗಳನ್ನು ತೋರಿಸುವ ನಕ್ಷೆ) ಹರಡಿಕೊಂಡು ಸ್ಟ್ರಾಲರ್ ಶ್ರೇಣಿ, ಅಂದರೆ ತೊರೆಗಳು ಕೂಡುವ ಕ್ರಮ ನೋಡಿ ಕೊಡುವ ಅಂಕೆ, ಕೊಡುವುದು ಕಷ್ಟವಲ್ಲ. ಬೇರಾವ ತೊರೆಯೂ ಸೇರದ ತೊರೆ ಒಂದನೆಯ ಶ್ರೇಣಿಯದು. ಅಂಥ ಎರಡು ಕೂಡಿದರೆ ಎರಡನೆಯದು. ಎರಡನೆಯದಕ್ಕೆ ಒಂದನೆಯದು ಬಂದು ಸೇರಿದರೆ ಶ್ರೇಣಿ ಏರುವುದಿಲ್ಲ. ನಮ್ಮ ಹಳ್ಳ ಮೂರನೆಯ ಶ್ರೇಣಿಗೆ ಬಂತು. ಆದರೆ ಅದರ ಪಾತ್ರ ಎಷ್ಟು ಆಳಕ್ಕೆ ಕೊರೆದಿದೆ, ತಳದಲ್ಲಿ ಮರಳಿದೆಯೋ ಗುಂಡುಕಲ್ಲಿದೆಯೋ ಎಂಬುದನ್ನು ನಕ್ಷೆ ತಿಳಿಸದು. ಅದಕ್ಕೆ ರೋಸ್ಗನ್ 1994ರಲ್ಲಿ ಪ್ರಕಟಿಸಿದ, ಹೊಳೆ-ಹಳ್ಳಗಳನ್ನು ಪಾತ್ರದ ಆಕಾರ ಮತ್ತು ತಳ ನೋಡಿ ವರ್ಗಗಳಾಗಿ ವಿಂಗಡಿಸುವ ಪದ್ಧತಿಯನ್ನು ಬಳಸುತ್ತೇವೆ. ಅದರ ಮುಖ್ಯ ಅಳತೆಗಳಲ್ಲಿ ಕೆಲವು ಹಳ್ಳ ದಡ ತುಂಬಿ ಹರಿಯುವ ಮಟ್ಟವನ್ನೇ ಆಧರಿಸಿವೆ.

ಆ ಮಟ್ಟವನ್ನೇ ನಾನು ತಪ್ಪಾಗಿ ಹಿಡಿದೆ. ಹೊಂಗೆಯ ಕೊಂಬೆಗಳಿಗೆ ಪ್ಲಾಸ್ಟಿಕ್ ಚೀಲ, ಒಣಕಸ ಸಿಕ್ಕಿಕೊಂಡಿದ್ದ ಎತ್ತರವನ್ನೇ ಗುರುತೆಂದುಕೊಂಡು ಅಳೆದಾಗ ಅಗಲ 11 ಮೀಟರ್, ಗರಿಷ್ಠ ಆಳ 1.2 ಮೀಟರ್ ಬಂತು. ಆಳದ ಎರಡು ಪಟ್ಟು ಎತ್ತರದಲ್ಲಿ ಕಣಿವೆ 28 ಮೀಟರ್ ಅಗಲವಿತ್ತು, ಅದನ್ನು 11ರಿಂದ ಭಾಗಿಸಿದರೆ 2.5. ಈ ಅನುಪಾತ 2.2ನ್ನು ಮೀರಿದರೆ, ನೆರೆ ನೀರು ಹರಡಿಕೊಳ್ಳಲು ಪಕ್ಕದಲ್ಲಿ ಬಯಲಿರುವ ಹಳ್ಳ ಎಂದರ್ಥ.

ಹಿರಿಯ ಸಹೋದ್ಯೋಗಿ ಹಾಳೆ ನೋಡಿ, "ಆ ಕಸ ಒಂದೇ ಒಂದು ದೊಡ್ಡ ಮಳೆಯದ್ದು ಕಣಮ್ಮ, ದಂಡೆಯ ಮಣ್ಣು ನೋಡು" ಎಂದರು. ಆ ಕಸಕ್ಕಿಂತ ಕೆಳಗೆ, ತಳದಿಂದ 60 ಸೆಂಟಿಮೀಟರ್ ಎತ್ತರದಲ್ಲಿ, ಮರಳು ಬಂದು ನಿಂತು ಸಮತಟ್ಟಾದ ಕಿರಿದಾದ ಜಗಲಿಯಂಥ ಅಂಚಿತ್ತು. ಹುಲ್ಲು ಅಲ್ಲಿಂದಲೇ ಶುರುವಾಗುತ್ತಿತ್ತು. ಸಾಮಾನ್ಯವಾಗಿ ಒಂದೆರಡು ವರ್ಷಕ್ಕೊಮ್ಮೆ ಬರುವ ಹರಿವು ಮುಟ್ಟುವುದು ಅಷ್ಟನ್ನೇ. ಅಲ್ಲಿ ಅಗಲ 6 ಮೀಟರ್; ಆ 60 ಸೆಂಟಿಮೀಟರಿನ ಎರಡು ಪಟ್ಟು ಎತ್ತರವೆಂದರೆ ನನ್ನ ಹಳೆಯ 11 ಮೀಟರ್ ಅಗಲದ ಗೆರೆ! ಅನುಪಾತ 1.8ಕ್ಕೆ ಇಳಿದು, ಹಳ್ಳವು ಸಾಧಾರಣವಾಗಿ ಕೊರೆದ ಗುಂಪಿಗೆ ಸೇರಿತು. ಹಳೆಯ ಹಾಳೆಯನ್ನು ನಂಬಿ ದಂಡೆಯ ಕೆಲಸ ಕೈಗೊಂಡಿದ್ದರೆ, ಇಲ್ಲದ ಬಯಲನ್ನು ಲೆಕ್ಕಕ್ಕೆ ಹಿಡಿದಂತಾಗುತ್ತಿತ್ತು.

ತಳದ ಕಲ್ಲೆಣಿಕೆ ಮಾತ್ರ ಸರಿಯಿತ್ತು: ಹೆಜ್ಜೆಗೊಂದರಂತೆ ನೋಡದೆ ಎತ್ತಿದ ನೂರು ಕಲ್ಲುಗಳ ನಡು ಅಕ್ಷವನ್ನು (ಅತಿ ಉದ್ದವೂ ಅತಿ ಗಿಡ್ಡವೂ ಅಲ್ಲದ ಅಳತೆ) ಅಳೆದಿದ್ದೆವು, ಹೆಚ್ಚಿನವು 2ರಿಂದ 64 ಮಿಲಿಮೀಟರಿನ ಜಲ್ಲಿಗಾತ್ರದವು.

ಈಗ ಒಂದೇ ಗುರುತನ್ನು ನಂಬದೆ, ಹಳ್ಳದುದ್ದಕ್ಕೂ ನಡೆದು ಅದೇ ಎತ್ತರ ಹಲವು ಕಡೆ ಸಿಕ್ಕ ಮೇಲೆಯೇ ಟೇಪು ಹಿಡಿಯುತ್ತೇನೆ. ನಗರದೊಳಗೆ ಕಾಂಕ್ರೀಟ್ ಗೋಡೆಗಳ ನಡುವೆ ಹರಿಯುವ ವೃಷಭಾವತಿಯ ಭಾಗಗಳಲ್ಲಿ ನೀರು ತಾನೇ ಕಟ್ಟಿಕೊಂಡ ದಂಡೆಯಿಲ್ಲ. ಅಲ್ಲಿ ವರ್ಗದ ಅಂಕಣವನ್ನು ಖಾಲಿ ಬಿಟ್ಟು, ಕಾರಣವನ್ನು ಪಕ್ಕದಲ್ಲಿ ಬರೆಯುತ್ತೇನೆ.