ಮ್ಯಾರಿನರ್ಸ್ ಮೇಲೆ ಈ ಸಲ ಆಸೆ ಜಾಸ್ತಿ

ನಮ್ಮ ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡದ ಹುಡುಗರು ಸ್ಪ್ರಿಂಗ್ ಟ್ರೈನಿಂಗ್‌ಗೆ, ಅಂದರೆ ಸೀಸನ್‌ಗೆ ಮುಂಚಿನ ಅಭ್ಯಾಸಕ್ಕೆ, ಅರಿಜೋನಾದ ಪಿಯೋರಿಯಾ ಕಡೆ ಹೊರಟಿದ್ದಾರೆ. ಇಲ್ಲಿ ಸಿಯಾಟಲ್‌ನಲ್ಲಿ ಇನ್ನೂ ಮಳೆ ಬಿಟ್ಟಿಲ್ಲ, ಆದರೆ ನನ್ನ ಮನಸ್ಸು ಆಗಲೇ ಮೈದಾನದಲ್ಲಿದೆ.

2025ರ ಅಕ್ಟೋಬರ್ ಮರೆಯೋಕೆ ಆಗ್ತಿಲ್ಲ. ಟೊರೊಂಟೊದಲ್ಲಿ ಸೆಮಿಫೈನಲ್ ಥರದ ಸರಣಿಯ ಕೊನೆಯ, ಏಳನೇ ಪಂದ್ಯ, ಒಂಬತ್ತರಲ್ಲಿ ಏಳನೇ ಇನ್ನಿಂಗ್ಸ್, ನಾವು 3-1 ಮುಂದೆ. ಇನ್ನು ಎಂಟು ಔಟ್ ಸಾಕಿತ್ತು, 1977ರಲ್ಲಿ ಶುರುವಾದ ತಂಡ ಮೊದಲ ಸಲ ವರ್ಲ್ಡ್ ಸೀರೀಸ್‌ಗೆ, ಅಂದರೆ ಲೀಗ್‌ನ ಫೈನಲ್‌ಗೆ, ಹೋಗ್ತಿತ್ತು. ಆಗ ಟೊರೊಂಟೊ ತಂಡದ ಜಾರ್ಜ್ ಸ್ಪ್ರಿಂಗರ್ ಹೊಡೆದ ಒಂದು ಹೋಮ್ ರನ್‌ಗೆ (ಕ್ರಿಕೆಟ್‌ನ ಸಿಕ್ಸರ್ ಥರದ ಹೊಡೆತ) ಮೂರು ರನ್ ಬಂತು, ಅಲ್ಲಿಗೆ ಮುಗೀತು. 30 ತಂಡಗಳಲ್ಲಿ ಆ ಮೆಟ್ಟಿಲು ಹತ್ತದೇ ಇರೋದು ನಾವೊಬ್ಬರೇ.

ಇಷ್ಟು ಹತ್ತಿರ ಹೋಗಿ ಸೋತವರಿಗೆ ಮತ್ತೆ ಮೊದಲಿಂದ ಕ್ಯಾಚ್ ಹಿಡಿದು, ಬಂಟ್ (ಬಾಲನ್ನು ಮೆಲ್ಲಗೆ ತಟ್ಟೋದು) ಪ್ರಾಕ್ಟೀಸ್ ಮಾಡೋಕೆ ಮನಸ್ಸು ಹೇಗೆ ಬರುತ್ತೋ ಅಂತ ಯೋಚಿಸ್ತೀನಿ. ಅದಕ್ಕೇ ಇವರನ್ನು ಕಂಡರೆ ಗೌರವ.

ಕ್ಯಾಲ್ ರಾಲಿ 2025ರ ಸೀಸನ್‌ನಲ್ಲಿ 60 ಹೋಮ್ ರನ್ ಹೊಡೆದ. ದಿನಾ ವಿಕೆಟ್‌ಕೀಪರ್ ಥರ ಕುಕ್ಕರಗಾಲಲ್ಲಿ ಕೂತು ಬಾಲ್ ಹಿಡಿಯೋ ಕ್ಯಾಚರ್ ಅಷ್ಟು ಹೊಡೆದದ್ದು ಹಿಂದೆಂದೂ ಇಲ್ಲ. ಮತ್ತೆ 60 ಕೇಳೋದು ಅನ್ಯಾಯ, 40 ಬಂದರೂ ಸಾಕು. ಜಾಶ್ ನೇಲರ್ 5 ವರ್ಷದ ಒಪ್ಪಂದಕ್ಕೆ ಸಹಿ ಹಾಕಿ ಉಳಿದುಕೊಂಡದ್ದು ದೊಡ್ಡ ಸಮಾಧಾನ. ಪೊಲಾಂಕೊ ತಂಡ ಬಿಟ್ಟು ಹೋದದ್ದು ಮಾತ್ರ ಹೊಟ್ಟೆ ಉರಿಸಿತು, ಡೆಟ್ರಾಯಿಟ್ ವಿರುದ್ಧ ಒಂಬತ್ತರಲ್ಲಿ ಮುಗಿಯದ ಪಂದ್ಯವನ್ನು 15ನೇ ಇನ್ನಿಂಗ್ಸ್‌ನಲ್ಲಿ ಗೆಲ್ಲಿಸಿದವನು ಅವನೇ ಅಲ್ವಾ.

ಉಳಿದದ್ದೆಲ್ಲ ಬಾಲ್ ಎಸೆಯೋ ಪಿಚರ್‌ಗಳ ಕೈಯಲ್ಲಿದೆ. ಗಿಲ್ಬರ್ಟ್, ಕರ್ಬಿ, ವೂ ಮೂವರೂ ಗಾಯ ಇಲ್ಲದೆ ಆಡಿದರೆ ನಮ್ಮ ಡಿವಿಷನ್‌ನಲ್ಲಿ (ಲೀಗ್‌ನ ನಮ್ಮ ಗುಂಪಲ್ಲಿ) ಇವರನ್ನು ಮೀರಿಸೋ ತಂಡ ನನಗಂತೂ ಕಾಣಿಸ್ತಿಲ್ಲ.